ಗೋಡೆಯ ಮೂಲೆಯ ಪೆಟ್ಟಿಗೆ

ಮೆಕ್ಸಿಕೋದ ಆ ಪುಟ್ಟ ಊರಿನಲ್ಲಿ ಸತ್ತವರ ಎಲುಬುಗಳನ್ನು ಮರದ ಪೆಟ್ಟಿಗೆಗಳಲ್ಲಿ ಇಟ್ಟಿರುತ್ತಾರೆ. ಸತ್ತವರ ಹಬ್ಬ ಹತ್ತಿರವಾದಾಗ ಮನೆಯವರು ಸ್ಮಶಾನಕ್ಕೆ ಬಂದು ಅವನ್ನು ಹೊರತೆಗೆದು, ಧೂಳು ಒರೆಸಿ, ಹೊಸ ಕಸೂತಿ ಬಟ್ಟೆ ಹಾಸಿ ಮತ್ತೆ ಜೋಡಿಸಿಡುತ್ತಾರೆ. ಪಟ್ಟಣ ಸೇರಿದ ಮೇಲೆ ಫರ್ಮಿನ್ ಒಮ್ಮೆಯೂ ಈ ಕೆಲಸಕ್ಕೆ ಬಂದವನಲ್ಲ. ಈ ಸಲ ಬಂದದ್ದೂ, ಅವನು ಮದುವೆಯಾಗಬೇಕಿದ್ದ ಹುಡುಗಿಯ ತಂದೆ ತಾನೂ ಬರುತ್ತೇನೆಂದು ಹೊರಟು ನಿಂತದ್ದರಿಂದ.

"ಹೆತ್ತವರನ್ನ ಮರೆತವನಿಗೆ ನಾನು ಮಗಳನ್ನ ಕೊಡಲ್ಲ," ಎಂದು ಆತ ಸ್ಮಶಾನದ ಬಾಗಿಲಲ್ಲೇ ಹೇಳಿದ. "ನೀನು ವರ್ಷಾ ವರ್ಷ ಬರ್ತೀಯ ತಾನೆ?"

"ಒಂದು ವರ್ಷಾನೂ ತಪ್ಪಿಸಿಲ್ಲ ಮಾವ."

ಪೆಟ್ಟಿಗೆಗಳ ಮೇಲಿನ ಹೆಸರುಗಳು ಮಾಸಿದ್ದವು. ಅಪ್ಪನನ್ನು ಗೋಡೆಯ ಮೂಲೆಯಲ್ಲಿ ಇಟ್ಟ ನೆನಪು ಮಾತ್ರ ಇತ್ತು. ಫರ್ಮಿನ್ ಅಲ್ಲಿದ್ದ ಪೆಟ್ಟಿಗೆಯನ್ನು ಇಳಿಸಿ ಬ್ರಷ್ ಹಿಡಿದ. ತಲೆಬುರುಡೆ ಕೈಗೆ ಬಂದಾಗ ಅವನಿಗೆ ನಿಜಕ್ಕೂ ನಾಚಿಕೆಯಾಯಿತು, ಕಣ್ಣು ತುಂಬಿ ಬಂತು. ಯಾರಿಗೂ ಕೇಳದ ಹಾಗೆ, "ತಪ್ಪಾಯ್ತಪ್ಪ," ಎಂದ.

ಹುಡುಗಿಯ ತಂದೆ ಮೆತ್ತಗಾದ. "ಹಣೆ ನಿನ್ನ ಥರಾನೇ ಅಗಲ ಇದೆ ನೋಡು."

"ಎಲ್ರೂ ಹಾಗೇ ಅಂತಾರೆ ಮಾವ."

ಹಿಂದೆ ಮುದುಕಿಯೊಬ್ಬಳು ಕಸೂತಿ ಬಟ್ಟೆ ಹಿಡಿದು ನಿಂತಿದ್ದಳು. ಅವನು ಕೊನೆಯ ಎಲುಬು ಒರೆಸಿ ಮುಗಿಸುವವರೆಗೂ ಸುಮ್ಮನಿದ್ದಳು.

"ಚೆನ್ನಾಗಿ ಒರೆಸಿದೆ ಫರ್ಮಿನ್," ಎಂದಳು. "ನೀನು ಅಳ್ತಿದ್ದೆ, ತಡೆಯೋಕೆ ನಂಗೆ ಮನಸ್ಸಾಗಲಿಲ್ಲ. ಇವರು ನಮ್ಮ ಯಜಮಾನರು. ನಿಮ್ಮಪ್ಪ ಪಕ್ಕದ ಪೆಟ್ಟಿಗೇಲಿದ್ದಾನೆ, ನಿನ್ನೆ ನಾನೇ ಒರೆಸಿಟ್ಟೆ, ಪ್ರತಿ ವರ್ಷದ ಹಾಗೆ."