ಟಕ್ ಅನ್ನದ ಎದೆ

ಓದಲು ಎರಡೇ ನಿಮಿಷ ಸಾಕು... ಆದರೆ ಮಕ್ಕಳು ಏನಾದರೂ ಕಲಿಯುತ್ತಿರುವ ಮನೆಯವರು ಸ್ವಲ್ಪ ನಿಧಾನವಾಗಿ ಓದಿ.

ಹುಬ್ಬಳ್ಳಿಯ ಒಂದು ತರಬೇತಿ ಕೇಂದ್ರದಲ್ಲಿ ಕಸ್ತೂರಿ ಎಂಬ ಹುಡುಗಿ ಪ್ಯಾರಾಮೆಡಿಕ್ ಕೋರ್ಸ್ ಮಾಡುತ್ತಿದ್ದಳು. ಆಂಬುಲೆನ್ಸ್‌ನಲ್ಲಿ ಹೋಗಿ, ಆಸ್ಪತ್ರೆ ಸೇರುವವರೆಗೆ ಜೀವ ಹಿಡಿದಿಡುವ ಕೆಲಸ.

ಓದಿದ್ದು ಕನ್ನಡ ಮೀಡಿಯಂ, ಪುಸ್ತಕಗಳೆಲ್ಲ ಇಂಗ್ಲಿಷ್... ಹಾಗಾಗಿ ಕಲಿತದ್ದನ್ನು ತನ್ನದೇ ಮಾತಿನಲ್ಲಿ ಹೇಳಿ, ಮೊಬೈಲ್‌ನಲ್ಲಿ ವಿಡಿಯೋ ಮಾಡಿ ಆನ್‌ಲೈನ್‌ಗೆ ಹಾಕುತ್ತಿದ್ದಳು.

ಮೊದಲ ದಿನ ರಕ್ತ ನೋಡಿ ತಲೆ ತಿರುಗಿ ಬಿದ್ದದ್ದು, ಸ್ಟ್ರೆಚರ್ ಹಿಡಿದು ಮೆಟ್ಟಿಲು ಇಳಿಯುವಾಗ ಯಾರು ಮುಂದೆ ಯಾರು ಹಿಂದೆ ಎಂದು ಗೆಳತಿಯ ಜೊತೆ ಜಗಳವಾಡಿದ್ದು... ಎಲ್ಲವನ್ನೂ ಹೇಳುತ್ತಿದ್ದಳು. ಮುಚ್ಚುಮರೆ ಎನ್ನುವುದು ಅವಳ ಜಾತಕದಲ್ಲೇ ಇರಲಿಲ್ಲ.

ಪಿಯುಸಿ ಮುಗಿಸಿ, ಈ ಕೋರ್ಸ್ ಸೇರಲೋ ಬೇಡವೋ ಎಂದು ಒದ್ದಾಡುತ್ತಿದ್ದ ಎಷ್ಟೋ ಮಕ್ಕಳು ಅದನ್ನು ನೋಡಿ ಧೈರ್ಯ ತಂದುಕೊಳ್ಳುತ್ತಿದ್ದರು. ನಮ್ಮಂಥವರಿಗೂ ಆಗುತ್ತದಾ ಅಕ್ಕಾ ಎಂದು ಯಾರಾದರೂ ಕೇಳಿದರೆ, ನನಗೇ ಆಗಿದೆ, ನಿಮಗೇಕೆ ಆಗಲ್ಲ ಎಂದು ಉತ್ತರಿಸುತ್ತಿದ್ದಳು.

ನಿಂತ ಹೃದಯವನ್ನು ಮತ್ತೆ ನಡೆಸಲು ಎದೆ ಒತ್ತುವುದನ್ನು ಅವರಿಗೆ ಬೊಂಬೆಯ ಮೇಲೆ ಕಲಿಸುತ್ತಾರೆ. ಸರಿಯಾದ ಆಳಕ್ಕೆ ಒತ್ತಿದರೆ ಬೊಂಬೆಯೊಳಗಿಂದ 'ಟಕ್' ಎಂದು ಸದ್ದು ಬರುತ್ತದೆ. ಇಡೀ ಕ್ಲಾಸಿನಲ್ಲಿ ಕಸ್ತೂರಿಯ ಟಕ್ ಟಕ್ ಗಡಿಯಾರದ ಹಾಗೆ ಕೇಳುತ್ತಿತ್ತು.

ಒಂದು ದಿನ ಟ್ರೈನಿಂಗ್‌ಗೆಂದು ನಿಜವಾದ ಆಂಬುಲೆನ್ಸ್ ಹತ್ತಿದಳು. ಸಂತೆಯಲ್ಲಿ ಒಬ್ಬ ಅಜ್ಜ ಕುಸಿದು ಬಿದ್ದಿದ್ದ... ಉಸಿರಿಲ್ಲ.

ಕಸ್ತೂರಿ ಮಂಡಿಯೂರಿ ಒತ್ತತೊಡಗಿದಳು. ಸದ್ದು ಬರಲಿಲ್ಲ. ಮತ್ತೆ ಒತ್ತಿದಳು... ಊಹ್ಞೂಂ. ಏನೋ ತಪ್ಪು ಮಾಡುತ್ತಿದ್ದೇನೆ ಎಂದು ಹೆದರಿ ಕೈಯನ್ನೇ ಎತ್ತಿಬಿಟ್ಟಳು.

ಜೊತೆಗಿದ್ದ ಸೀನಿಯರ್ ಅವಳನ್ನು ಪಕ್ಕಕ್ಕೆ ತಳ್ಳಿ ತಾವೇ ಒತ್ತಿದರು. ಪುಣ್ಯಕ್ಕೆ ಅಜ್ಜ ಉಳಿದುಕೊಂಡ.

ಮನುಷ್ಯರ ಎದೆಯೊಳಗೆ ಟಕ್ ಅನ್ನುವ ಮೆಷಿನ್ ಯಾರೂ ಇಟ್ಟಿಲ್ಲವಲ್ಲ... ಅದು ಅವಳಿಗೆ ಹೊಳೆದದ್ದು ಆಮೇಲೆ.

ಬೇರೆಯವರಾಗಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದರು. ಈ ಪುಣ್ಯಾತ್ಗಿತ್ತಿ ಅದನ್ನೂ ವಿಡಿಯೋ ಮಾಡಿ ಹಾಕಿದಳು.

"ಬೊಂಬಿ ಟಕ್ ಅಂತೈತಿ, ಮನಷ್ಯಾ ಅನ್ನಂಗಿಲ್ಲ. ಸಪ್ಪಳಕ್ಕ ಕಾಯಬ್ಯಾಡ್ರಿ. ನಾ ಕೈ ನಿಲ್ಲಿಸಿದೆ... ನೀವು ನಿಲ್ಲಿಸಬ್ಯಾಡ್ರಿ."

ನಗುವವರ ಮುಂದೆ ಎಡವಿ ಬಿದ್ದಂತಾಯಿತು. ಇಂಥವರು ಬರುವುದಾದರೆ ಆಂಬುಲೆನ್ಸ್‌ಗಿಂತ ಆಟೋನೇ ವಾಸಿ ಎಂದು ಒಬ್ಬ ಬರೆದ. ಸಾವಿರಾರು ಜನ ಅದಕ್ಕೆ ನಕ್ಕರು.

ಒಂದೂವರೆ ತಿಂಗಳ ಬಳಿಕ ಅದು ಪ್ರಿನ್ಸಿಪಾಲ್ ಮೇಡಂ ಕಣ್ಣಿಗೂ ಬಿತ್ತು, ಕರೆಸಿ ಸರಿಯಾಗಿ ಬೈದರು. ನಮ್ಮ ಯೂನಿಫಾರ್ಮ್ ಹಾಕಿಕೊಂಡು ನಮ್ಮ ಮರ್ಯಾದೆ ಕಳೆದೆ, ಮೊದಲು ಆ ವಿಡಿಯೋ ತೆಗೆ, ನಿನ್ನನ್ನು ಕೋರ್ಸ್‌ನಲ್ಲಿ ಇಟ್ಟುಕೊಳ್ಳುವುದೋ ಬಿಡುವುದೋ ಸೋಮವಾರ ಹೇಳುತ್ತೇನೆ ಎಂದರು.

ಕಸ್ತೂರಿ ವಿಡಿಯೋ ತೆಗೆದಳು. ಊರಿನಿಂದ ಅವ್ವ ಫೋನ್ ಮಾಡಿ, ಎಲ್ಲರೂ ಮುಚ್ಚಿಡುವುದನ್ನು ನೀನೊಬ್ಬಳೇ ಯಾಕೆ ಡಂಗುರ ಸಾರಿದೆ ಎಂದು ಅತ್ತಳು.

ಸೋಮವಾರ... ಕಸ್ತೂರಿ ಪ್ರಿನ್ಸಿಪಾಲರ ಆಫೀಸಿಗೆ ಬಂದಳು. ಇವತ್ತಿಗೆ ಎಲ್ಲ ಮುಗಿಯಿತು ಎಂದುಕೊಂಡೇ ಒಳಗೆ ಹೋದಳು.

ಒಳಗೆ ಬೇರೆ ಕಾಲೇಜಿನ ಯೂನಿಫಾರ್ಮ್ ತೊಟ್ಟ ಒಬ್ಬ ಹುಡುಗಿ ಇದ್ದಳು. ಪಕ್ಕದಲ್ಲಿ ವಯಸ್ಸಾದ ಗಂಡ ಹೆಂಡತಿ, ಕೈಯಲ್ಲಿ ಒಂದು ಬುತ್ತಿ ಗಂಟು.

ಹುಡುಗಿಯ ಹೆಸರು ಹುಲಿಗೆಮ್ಮ, ಕೊಪ್ಪಳದಲ್ಲಿ ಇದೇ ಕೋರ್ಸ್ ಕಲಿಯುತ್ತಿದ್ದಾಳೆ. ಈ ದಂಪತಿ ಅಲ್ಲಿ ಖಾನಾವಳಿ ನಡೆಸುವವರು. ಹೋದ ತಿಂಗಳು ಊಟ ಬಡಿಸುತ್ತಲೇ ಯಜಮಾನರು ಕುಸಿದು ಬಿದ್ದರಂತೆ. ಆಂಬುಲೆನ್ಸ್‌ನಲ್ಲಿ ಬಂದ ಹುಲಿಗೆಮ್ಮಳಿಗೆ ಅದೇ ಮೊದಲ ಕೇಸು.

"ಅಕ್ಕಾ, ಒತ್ತಿದೆ... ಸಪ್ಪಳಾ ಬರಲಿಲ್ಲ. ಇನ್ನೇನ ಕೈ ತಗೀಬೇಕು, ನಿಮ್ಮ ಮಾತ ನೆನಪಾತು. ಆಸ್ಪತ್ರಿ ಬರೂತನಾ ನಿಲ್ಲಿಸಲಿಲ್ಲ."

ಯೂನಿಫಾರ್ಮ್ ಗುರುತು ಹಿಡಿದು ಹುಡುಕಿಕೊಂಡು ಬಂದವಳು, ವಿಡಿಯೋ ಯಾಕೆ ತೆಗೆದಿರಿ ಎಂದೂ ಕೇಳಿದಳು. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಿದೆ, ಅವಳ ಕ್ಲಾಸಿನವರೆಲ್ಲ ಅದನ್ನೇ ಹುಡುಕುತ್ತಿದ್ದಾರಂತೆ.

ಪ್ರಿನ್ಸಿಪಾಲ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಕುಳಿತಿದ್ದರು.

ಅಷ್ಟರಲ್ಲಿ ಖಾನಾವಳಿಯ ಶಂಕ್ರವ್ವ ಎದ್ದು ಬಂದರು. ಯಾರನ್ನೂ ಕೇಳದೆ ಕಸ್ತೂರಿಯ ಬಲಗೈ ಹಿಡಿದು, ಗಂಡನ ಎದೆಯ ಮೇಲೆ ಇಟ್ಟುಬಿಟ್ಟರು. ಆ ಮನುಷ್ಯ ಮದುಮಗನ ಹಾಗೆ ನಾಚಿಕೊಂಡು ತಲೆ ತಗ್ಗಿಸಿದರು.

ಅಂಗಿಯ ಕೆಳಗೆ ಹೃದಯ ಬಡಿಯುತ್ತಿತ್ತು... ಮೆಲ್ಲಗೆ, ಒಂದೇ ಸಮನೆ.

"ಇದು ನಿಂತಿತ್ತವ್ವಾ. ನೀ ನಾಚಿಗಿ ಬಿಟ್ಟು ಹೇಳಿದ್ದಕ್ಕ ಮತ್ತ ನಡದೈತಿ."

ಕಸ್ತೂರಿಗೆ ತಡೆದುಕೊಳ್ಳಲು ಆಗಲಿಲ್ಲ. ಇಷ್ಟು ದಿನ ನುಂಗಿಕೊಂಡಿದ್ದ ಅಳು ಒಮ್ಮೆಲೇ ಬಂತು.

ಪ್ರಿನ್ಸಿಪಾಲ್ ಕನ್ನಡಕ ಹಾಕಿಕೊಂಡು ಹೇಳಿದರು: "ನೀನು ಎಲ್ಲೂ ಹೋಗೋದು ಬ್ಯಾಡ. ಆ ವಿಡಿಯೋ ಮತ್ತ ಹಾಕು. ಹೊಸ ಬ್ಯಾಚಿಗೆ ಮೊದಲನೇ ದಿನ ಅದನ್ನೇ ತೋರಸ್ತೀನಿ."

ಕಸ್ತೂರಿಗೆ ಹೋದ ಜೀವ ಬಂದಂತಾಯಿತು. ಅಳುವುದೋ ನಗುವುದೋ ತಿಳಿಯದೆ ಅಲ್ಲೇ ಕುರ್ಚಿಯಲ್ಲಿ ಕುಸಿದು ಕುಳಿತಳು.

ಶಂಕ್ರವ್ವ ಬುತ್ತಿ ಬಿಚ್ಚಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಅವಳ ಕೈಗಿಟ್ಟರು. ಅತ್ತಿದ್ದು ಸಾಕು, ಮೊದಲು ಉಣ್ಣು ಎಂದರು. ಮೇಡಂ ಕೂಡ ಕೈ ಚಾಚಿದರು.

ಗೆದ್ದ ಕಥೆ ಕೇಳಿ ಜನ ಚಪ್ಪಾಳೆ ತಟ್ಟುತ್ತಾರೆ... ಎಡವಿದ ಕಥೆ ಕೇಳಿ ನಡೆಯಲು ಕಲಿಯುತ್ತಾರೆ.

ನೀವು ನಡೆದ ದಾರಿಯಲ್ಲೇ ಇವತ್ತು ಯಾರೋ ಹೆದರುತ್ತಾ ಬರುತ್ತಿದ್ದಾರೆ... ನಿಮಗೆ ತಾಗಿದ ಕಲ್ಲು ಎಲ್ಲಿದೆ ಎಂದು ಅವರಿಗೆ ಹೇಳಿದ್ದೀರಾ?