ಉಲ್ಟಾ ತಿರುಗಿದ ಫ್ಯಾನು

ಕಾದ ರೇಡಿಯೇಟರಿನ ವಾಸನೆ ಬಂದರೆ ಇಂದಿಗೂ ನಾವಿದ್ದ ತಾರ್ನಾಕ ಬಡಾವಣೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಅಪ್ಪನ ಕಾರ್ಖಾನೆ ಮುಚ್ಚಿತ್ತು. ಮರುದಿನದಿಂದ ಅವರು ನಮ್ಮ ಹಳೆಯ ಕಾರಿನಲ್ಲಿ ಸಾಫ್ಟ್‌ವೇರ್ ಕಚೇರಿಯವರನ್ನು ಬಾಡಿಗೆಗೆ ಕರೆದೊಯ್ಯಬೇಕಿತ್ತು. ಆದರೆ ಹತ್ತೇ ನಿಮಿಷಕ್ಕೆ ಎಂಜಿನ್ ಕುದಿಯುತ್ತಿತ್ತು.

ಅಪ್ಪ ರೇಡಿಯೇಟರಿನ ಹಿಂದೆ ಹೊಸ ಫ್ಯಾನು ಬಿಗಿದು, ಮುಂದೆ ಪತ್ರಿಕೆಯ ಹಾಳೆ ಹಿಡಿಯಲು ನನಗೆ ಹೇಳಿದರು. ಫ್ಯಾನು ಗಾಳಿ ಎಳೆದರೆ ಹಾಳೆ ಅಂಟಿಕೊಳ್ಳಬೇಕಿತ್ತು. ಅದು ಹಾರಿ ಅವ್ವನ ಮುಖಕ್ಕೆ ಬಡಿಯಿತು.

“ಏನ್ರೀ, ಒಲಿ ಊದಾಕತ್ತೀರೇನು? ಫ್ಯಾನ್ ಉಲ್ಟಾ ತಿರುಗಾಕತ್ತೈತಿ!”

ಅಪ್ಪ ನಗಲಿಲ್ಲ. ಎರಡು ವೈರು ಅದಲುಬದಲು ಮಾಡಿದರು. “ಇನ್ನೊಮ್ಮಿ ಹಿಡಿಯವ್ವಾ,” ಎಂದು ಹಾಳೆಯನ್ನು ನನ್ನ ಕೈಗೆ ಕೊಟ್ಟರು.

ಹಾಳೆ ರಪ್ಪನೆ ಅಂಟಿತು. ಉದ್ಯೋಗದ ಜಾಹೀರಾತಿನ ಪುಟವದು. ಅಲ್ಲಲ್ಲಿ ಅಪ್ಪನ ಕೆಂಪು ಪೆನ್ನಿನ ಸುತ್ತುಗಳಿದ್ದವು.

“ಒಳಗ ತೆಗೆದಿಡ್ಲೇನಪ್ಪಾ?” ಎಂದೆ.

ಅಪ್ಪ ಅದನ್ನು ಇಸಿದುಕೊಂಡು ಅದರಿಂದಲೇ ಕೈಯ ಗ್ರೀಸು ಒರೆಸಿಕೊಂಡರು.