ಬೇರಿನ ಗಂಟು

ಕಾಯಿ ಕೊಯ್ದಾದ ಅಲಸಂದೆ ಗಿಡಗಳನ್ನು ಕೀಳುತ್ತಿದ್ದ ಅಕ್ಕನ ಮುಂದೆ ತಂಗಿ ಒಂದು ಬೇರು ಹಿಡಿದಳು.

“ಅಕ್ಕಾ, ಇದೇನೇ ಇಷ್ಟೊಂದು ಗಂಟು? ರೋಗಾನಾ?”

“ರೋಗ ಅಲ್ಲ ಕಣೇ ನಿಂಗಿ. ಕಣ್ಣಿಗೆ ಕಾಣದ ಜೀವಾಣುಗಳಂತೆ. ಬೇರು ತಾನೇ ಅವನ್ನ ಕರೆದು ಮನೆ ಕೊಡ್ತದೆ, ಅವು ಗಾಳಿಯಿಂದ ಗೊಬ್ಬರ ಮಾಡಿ ಗಿಡ ಸಾಕ್ತವೆ. ಕೃಷಿ ಆಫೀಸಿನ ಮೇಡಂ ಹೇಳಿದ್ರು.”

“ಥೇಟ್ ನನ್ನಂಗೇ! ನಿನ್ನ ಬಾಣಂತನಕ್ಕೆ ಅಂತ ನೀನು ಕರೆದೆ, ನಾನು ಬಂದು ಅಂಟ್ಕೊಂಡೆ.” ತಂಗಿ ನಕ್ಕಳು. ಹನ್ನೊಂದು ವರ್ಷದಿಂದ ಆ ಮನೆಯ ನೀರು, ಸಗಣಿ, ಒಲೆ ಎಲ್ಲ ಅವಳದೇ. “ಬಂದು ಕರ್ಕೊಂಡು ಹೋಗಿ ಅಂತ ಆಗ ಕಾಗದ ಬರೆದ್ರೆ, ನನ್ನ ಗಂಡ ಅನ್ನಿಸ್ಕೊಂಡೋನು ಒಂದು ಉತ್ತರಾನೂ ಹಾಕ್ಲಿಲ್ಲ ನೋಡು.”

ಅಕ್ಕ ಗಂಟೊಂದನ್ನು ಉಗುರಿನಿಂದ ಸೀಳಿದಳು. “ಒಳಗೆ ಕೆಂಪಗಿದ್ರೆ ದುಡೀತಾ ಅದೆ ಅಂತ. ಇದು ಹಸಿರಾಗಿಬಿಟ್ಟದೆ.”

“ಹಂಗಂದ್ರೆ?”

“ಗಿಡಕ್ಕೆ ಇನ್ನು ಬೇಡ ಅಂತ.”

ತಂಗಿ ಇನ್ನೊಂದು ಗಿಡಕ್ಕೆ ಕೈ ಹಾಕಿದಳು. ಹೋದ ತಿಂಗಳು ಲಕ್ವ ಹೊಡೆದಿದ್ದ ಬಲಗೈಯಿಂದ ಗಿಡ ಜಾರಿತು, ಮತ್ತೆ ಜಾರಿತು. ಅಕ್ಕ ನೋಡುತ್ತಲೇ ಇದ್ದಳು.

ಮಧ್ಯಾಹ್ನ ಮನೆಗೆ ಬಂದವಳೇ ಅಕ್ಕ, ಅಂಚೆಗೆ ಹಾಕು ಅಂತ ತಂಗಿ ಹನ್ನೊಂದು ವರ್ಷದ ಹಿಂದೆ ಕೊಟ್ಟಿದ್ದ ಕಾಗದವನ್ನು ಟ್ರಂಕಿನ ತಳದಿಂದ ತೆಗೆದು, ಸೆರಗಿನಲ್ಲಿ ಧೂಳೊರೆಸಿ, ಅಂಚೆ ಡಬ್ಬಿಗೆ ಹಾಕಿ ಬಂದಳು.